ವಿಹಾರವೆಂಬ ಮಾತಿನ ಎರಡು ಅರ್ಥಗಳು: ಕಾನ್ಹೇರಿಯ ಗುಹೆಗಳನ್ನು ಕುರಿತು ಒಂದು ವಿಮರ್ಶೆ

೧

ಕನ್ನಡದಲ್ಲಿ ‘ವಿಹಾರ’ವೆಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಬೌದ್ಧ ಭಿಕ್ಷುಗಳ ವಾಸಸ್ಥಾನವೆಂಬುದು ಒಂದು. ಮನಸ್ಸಿನ ಉಲ್ಲಾಸಕ್ಕಾಗಿ ಕೈಗೊಳ್ಳುವ ತಿರುಗಾಟವೆಂಬುದು ಇನ್ನೊಂದು. ವನವಿಹಾರ, ಜಲವಿಹಾರ, ವಾಯುವಿಹಾರ ಮೊದಲಾದ ಸಮಾಸಗಳ ಬಲದಿಂದ ಎರಡನೆಯ ಅರ್ಥವು ಜನರ ನಾಲಗೆಯ ಮೇಲೆ ನಿಂತಿದ್ದರೆ, ಮೊದಲನೆಯದು ಶಾಸನಗಳ ಮತ್ತು ಇತಿಹಾಸಗ್ರಂಥಗಳ ಮಟ್ಟಿಗೆ ಉಳಿದುಕೊಂಡಿದೆ. ಮುಂಬಯಿ ನಗರದ ಉತ್ತರಭಾಗದಲ್ಲಿ, ಬೋರಿವಲಿಯ ಕಾಡುಗುಡ್ಡಗಳ ನಡುವೆ ಇರುವ ಕಾನ್ಹೇರಿಯಲ್ಲಿ ಈ ಎರಡು ಅರ್ಥಗಳೂ ಒಂದೇ ನೆಲದ ಮೇಲೆ ಎದುರುಬದುರಾಗಿ ನಿಂತಿವೆ. ನೂರಕ್ಕೂ ಮಿಕ್ಕಿದ ಗುಹೆಗಳಿರುವ ಆ ಬೆಟ್ಟವು ಒಂದು ಕಾಲಕ್ಕೆ ವಾಸದ ವಿಹಾರವಾಗಿತ್ತು. ಇಂದು ತಿರುಗಾಟದ ವಿಹಾರವಾಗಿದೆ.

ಈ ತಿರುಗಾಟಕ್ಕೆ ಈಚಿನ ದಶಕಗಳಲ್ಲಿ ಒಂದು ಹೊಸ ಹೆಸರು ಬಂದಿದೆ. ‘ಪರಿಸರಪ್ರವಾಸ’ವೆಂಬ ಆ ಹೆಸರು ೧೯೮೦ರ ದಶಕದಲ್ಲಿ ಪರದೇಶಗಳಲ್ಲಿ ರೂಢಿಗೆ ಬಂದು, ಅನಂತರ ಭಾರತದ ಅರಣ್ಯ ಹಾಗೂ ಪ್ರವಾಸೋದ್ಯಮ ಇಲಾಖೆಗಳ ಕಾಗದಪತ್ರಗಳಲ್ಲಿಯೂ ನೆಲೆಯೂರಿತು. ನಿಸರ್ಗಕ್ಕೆ ಕೇಡಾಗದಂತೆ ಸಂಚರಿಸುವುದು, ಸ್ಥಳೀಯರ ಬಾಳಿಗೆ ನೆರವಾಗುವುದು, ನೋಡಿದವನಲ್ಲಿ ತಿಳಿವಳಿಕೆಯನ್ನು ಮೂಡಿಸುವುದು: ಇವು ಮೂರೂ ಅದರ ಲಕ್ಷಣಗಳೆಂದು ಹೇಳುವರು. ಲಕ್ಷಣವನ್ನು ಆಕ್ಷೇಪಿಸುವವರು ಯಾರೂ ಇಲ್ಲ. ಆದರೆ ಲಕ್ಷಣವು ಲಕ್ಷ್ಯಕ್ಕೆ ಹೊಂದುತ್ತದೆಯೋ ಇಲ್ಲವೋ ಎಂಬುದನ್ನು ಪರೀಕ್ಷಿಸುವುದು ವಿಮರ್ಶೆಯ ಕೆಲಸ. ಆ ಪರೀಕ್ಷೆಗೆ ಬೇಕಾದ ಒರೆಗಲ್ಲನ್ನು ಬೇರೆ ಕಡೆಯಿಂದ ತರಬೇಕಾಗಿಲ್ಲ. ಕಾನ್ಹೇರಿಯ ಬಂಡೆಯಲ್ಲಿಯೇ ಅದನ್ನು ಕೊರೆದಿಟ್ಟಿದ್ದಾರೆ. ಅದು ಆ ಬೆಟ್ಟದ ನೀರು.

೨

ಕಾನ್ಹೇರಿಯನ್ನು ನೋಡುವ ರೂಢಿಯ ಕ್ರಮವೊಂದುಂಟು. ಉದ್ಯಾನದ ಮುಖ್ಯದ್ವಾರದಿಂದ ಸುಮಾರು ಆರು ಕಿಲೋಮೀಟರು ಒಳಕ್ಕೆ ಬಂದ ಸಂದರ್ಶಕನು ಮೊದಲು ಮೂರನೆಯ ಗುಹೆಯ ಮಹಾಚೈತ್ಯವನ್ನು ಹೊಗುತ್ತಾನೆ. ಅದರ ಮುಖಮಂಟಪದ ಎರಡು ಕೊನೆಗಳಲ್ಲಿ ಸುಮಾರು ಏಳು ಮೀಟರು ಎತ್ತರಕ್ಕೆ ನಿಂತಿರುವ ಬುದ್ಧಮೂರ್ತಿಗಳನ್ನು ಕಂಡು ಬೆರಗಾಗುತ್ತಾನೆ. ಅಲ್ಲಿಂದ ಹನ್ನೊಂದನೆಯ ಗುಹೆಯ ವಿಶಾಲವಾದ ಸಭಾಂಗಣವನ್ನು ನೋಡುತ್ತಾನೆ. ಉತ್ಸಾಹವುಳ್ಳವನಾದರೆ ನಲವತ್ತೊಂದನೆಯ ಗುಹೆಯವರೆಗೂ ಏರಿ, ಹನ್ನೊಂದು ಮುಖಗಳ ಅವಲೋಕಿತೇಶ್ವರನನ್ನು ಕಂಡು ಇಳಿಯುತ್ತಾನೆ. ಮೂರ್ತಿಯಿಂದ ಮೂರ್ತಿಗೆ ನಡೆಯುವ ಈ ಕ್ರಮದಲ್ಲಿ ಕಾಲಬುಡದಲ್ಲಿರುವುದನ್ನು ನೋಡುವ ಅವಕಾಶವೇ ಬರುವುದಿಲ್ಲ.

ಕಾಲಬುಡದಲ್ಲಿರುವುದು ತೊಟ್ಟಿ. ಇಲ್ಲಿಯ ಬಹುಮಟ್ಟಿನ ವಿಹಾರಗಳ ಮಗ್ಗುಲಲ್ಲಿ ಬಂಡೆಯನ್ನು ಕೊರೆದು ಮಾಡಿದ ನೀರಿನ ತೊಟ್ಟಿಯೊಂದಿದೆ. ಗುಹೆಯ ನೆತ್ತಿಯ ಮೇಲೆ ಬಿದ್ದ ಮಳೆಯನ್ನು ಬಂಡೆಯಲ್ಲಿ ಕಡಿದ ಸಣ್ಣ ಕಾಲುವೆಗಳು ತಿರುಗಿಸಿ ತಂದು ಆ ತೊಟ್ಟಿಗೆ ಸುರಿಯುತ್ತವೆ. ಕಣಿವೆಯ ತೊರೆಗೆ ಅಡ್ಡಲಾಗಿ ಕಟ್ಟಿದ್ದ ಹಳೆಯ ಕಟ್ಟೆಯ ಅವಶೇಷವನ್ನೂ ಹಿಂದಿನ ಸಮೀಕ್ಷಕರು ಗುರುತಿಸಿದ್ದಾರೆ. ವರ್ಷಕ್ಕೆ ೨೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುವ ಪ್ರದೇಶವಿದು. ಆದರೆ ಆ ಮಳೆಯಲ್ಲಿ ಹೆಚ್ಚಿನ ಪಾಲು ಜೂನ್ ತಿಂಗಳಿಂದ ಸಪ್ಟೆಂಬರಿನೊಳಗೆ ಸುರಿದು ಸಮುದ್ರವನ್ನು ಸೇರಿಬಿಡುತ್ತದೆ. ಉಳಿದ ಎಂಟು ತಿಂಗಳು ಬೆಟ್ಟದ ಮೇಲೆ ಬಾಳಬೇಕಾದವರು ನಾಲ್ಕು ತಿಂಗಳ ಮಳೆಯನ್ನು ಹಿಡಿದಿಟ್ಟುಕೊಳ್ಳಲೇಬೇಕಾಗಿತ್ತು. ಹೀಗೆ ಹಿಡಿದಿಟ್ಟದ್ದರಿಂದಲೇ ಕ್ರಿಸ್ತಪೂರ್ವ ಒಂದನೆಯ ಶತಮಾನದ ಸುಮಾರಿಗೆ ಮೊದಲಾದ ಈ ನೆಲೆಯು ಸಾವಿರ ವರ್ಷಗಳ ಕಾಲ ಜನವಾಸವಾಗಿ ಉಳಿಯಿತು.

ಇದು ಇಂದಿನವರ ಊಹೆಯಲ್ಲ. ದಾನಿಗಳೇ ಬರೆಸಿಟ್ಟ ಮಾತು. ಕಾನ್ಹೇರಿಯ ಪ್ರಾಕೃತ ಶಾಸನಗಳಲ್ಲಿ ‘ಲೇಣ’ ಎಂದರೆ ಗುಹೆ, ‘ಪೊಢಿ’ ಎಂದರೆ ನೀರಿನ ತೊಟ್ಟಿ. ಗುಹೆಯನ್ನು ಕೊಟ್ಟವನು ಜೊತೆಗೆ ತೊಟ್ಟಿಯನ್ನೂ ಕೊಟ್ಟೆನೆಂದು ಬರೆಸುತ್ತಾನೆ. ತೊಟ್ಟಿಯನ್ನು ಮಾತ್ರವೇ ಕೊಟ್ಟವರೂ ತಮ್ಮ ಹೆಸರನ್ನು ಕೊರೆಯಿಸಿದ್ದಾರೆ. ಕಲ್ಯಾಣ, ಸೋಪಾರ, ಚೇಮುಲ ಮೊದಲಾದ ಕೊಂಕಣದ ಪಟ್ಟಣಗಳ ವರ್ತಕರೂ ಅಕ್ಕಸಾಲಿಗಳೂ ಈ ದಾನಿಗಳ ಸಾಲಿನಲ್ಲಿದ್ದಾರೆ. (ಈ ಕಲ್ಯಾಣವು ಠಾಣೆಯ ಬಳಿಯದೇ ಹೊರತು ಚಾಲುಕ್ಯರ ಕಲ್ಯಾಣವಲ್ಲ.) ಮೂರ್ತಿಯನ್ನು ಕೊಟ್ಟಷ್ಟೇ ಪುಣ್ಯವು ತೊಟ್ಟಿಯನ್ನು ಕೊಟ್ಟರೂ ಉಂಟೆಂದು ಅವರು ತಿಳಿದಿದ್ದರು. ಮೂರ್ತಿಗಳನ್ನು ಎಣಿಸಿ ತೊಟ್ಟಿಗಳನ್ನು ಬಿಟ್ಟುಬಿಡುವ ಇಂದಿನ ದೃಷ್ಟಿಯು ಆ ದಾನಿಗಳ ಅರ್ಧ ಮಾತನ್ನು ಮಾತ್ರ ಕೇಳಿಸಿಕೊಂಡಂತಾಗಿದೆ.

೩

ಗುಹೆಗಳ ಅನ್ವೇಷಣೆಯ ಇತಿಹಾಸವೂ ಇದನ್ನೇ ಬೇರೊಂದು ರೀತಿಯಲ್ಲಿ ತೋರಿಸುತ್ತದೆ. ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರ ಸೇವೆ ದೊಡ್ಡದು. ಎಡ್ವರ್ಡ್ ವೆಸ್ಟ್ ಇಲ್ಲಿಯ ಶಾಸನಗಳ ಪ್ರತಿಗಳನ್ನು ಮಾಡಿ ೧೮೬೦ರ ದಶಕದ ಆರಂಭದಲ್ಲಿ ಪ್ರಕಟಿಸಿದನು. ಫರ್ಗ್ಯುಸನ್ ಮತ್ತು ಬರ್ಜೆಸ್ ೧೮೮೦ರಲ್ಲಿ ಹೊರತಂದ ಭಾರತದ ಗುಹಾಲಯಗಳ ಗ್ರಂಥದಲ್ಲಿ ಕಾನ್ಹೇರಿಗೆ ಸ್ಥಾನ ದೊರೆಯಿತು. ಅವರು ಗುಹೆಗಳಿಗೆ ಸಂಖ್ಯೆಯನ್ನು ಕೊಟ್ಟರು, ಅಳತೆಯನ್ನು ಕೊಟ್ಟರು, ಕಾಲವನ್ನು ನಿರ್ಣಯಿಸಲು ಹೆಣಗಿದರು. ಮುಂದೆ ೧೯೯೧ರಲ್ಲಿ ಶೋಭನಾ ಗೋಖಲೆ ಅವರು ಕಾನ್ಹೇರಿಯ ಶಾಸನಗಳನ್ನು ಒಂದೆಡೆ ಕೂಡಿಸಿ ಗ್ರಂಥವಾಗಿ ಪ್ರಕಟಿಸಿದ ಮೇಲೆ ಆ ಬೆಟ್ಟದ ಸಾಮಾಜಿಕ ಜೀವನವು ಮೊದಲಿಗಿಂತ ಸ್ಪಷ್ಟವಾಯಿತು. ಆದರೆ ಸಂಖ್ಯೆ ಕೊಡುವ ಪದ್ಧತಿಯಿಂದ ಒಂದು ದೋಷವೂ ಉಂಟಾಯಿತು. ಒಂದು, ಎರಡು, ಮೂರು ಎಂದು ಬಿಡಿಬಿಡಿಯಾಗಿ ಎಣಿಸಿದ ಮೇಲೆ, ಅವೆಲ್ಲವನ್ನೂ ಕೂಡಿಸಿದ್ದ ಕಾಲುವೆ, ಮೆಟ್ಟಿಲು, ತೊರೆ, ಕಾಡುಗಳು ಎಣಿಕೆಯ ಹೊರಗೆ ಉಳಿದವು. ಒಂದು ಊರಾಗಿದ್ದುದು ಒಂದು ಪಟ್ಟಿಯಾಯಿತು.

ಈಚಿನ ಅನ್ವೇಷಣೆಯೊಂದು ಈ ದೋಷವನ್ನು ತಿದ್ದುವ ದಾರಿಯನ್ನು ತೋರಿಸಿದೆ. ೨೦೧೫ರಲ್ಲಿ ಸೂರಜ್ ಪಂಡಿತ್ ಅವರ ನೇತೃತ್ವದ ತಂಡವು ಇದೇ ಕಾಡಿನಲ್ಲಿ, ಅದುವರೆಗೆ ವಿದ್ವಾಂಸರ ಗಣನೆಗೆ ಬಾರದಿದ್ದ ಏಳು ಗುಹೆಗಳನ್ನು ಗುರುತಿಸಿತು. ಅವುಗಳ ರಚನೆ ಸರಳವಾಗಿದ್ದು, ಅವುಗಳ ಬಳಿಯಲ್ಲಿ ನೀರಿನ ತೊಟ್ಟಿಗಳಿರಲಿಲ್ಲ. ತೊಟ್ಟಿ ಇಲ್ಲದ ಗುಹೆಯಲ್ಲಿ ವರ್ಷವಿಡೀ ವಾಸಿಸುವುದು ಸಾಧ್ಯವಿಲ್ಲ. ಆದಕಾರಣ ಅವು ಮಳೆಗಾಲದ ತಂಗುದಾಣಗಳಾಗಿದ್ದಿರಬೇಕು, ತೊಟ್ಟಿಗಳ ವ್ಯವಸ್ಥೆ ಬೆಳೆಯುವುದಕ್ಕೆ ಮೊದಲಿನವೂ ಆಗಿದ್ದಿರಬಹುದು ಎಂಬುದು ಆ ಅನ್ವೇಷಕರ ತರ್ಕ. ಮೂರ್ತಿಯೂ ಇಲ್ಲದ, ಶೃಂಗಾರವೂ ಇಲ್ಲದ ಏಳು ಬರಿಯ ಪೊಟರೆಗಳು ಚರಿತ್ರೆಗೆ ಸಾಕ್ಷಿ ನುಡಿದದ್ದು ತಮ್ಮಲ್ಲಿ ಇಲ್ಲದ ನೀರಿನ ಮೂಲಕ.

ಇಲ್ಲಿಯೇ ಅನ್ವೇಷಣೆಗೂ ಪ್ರಚಾರಕ್ಕೂ ಇರುವ ವಿರೋಧವೂ ಕಾಣಿಸುತ್ತದೆ. ಕಾವಲಿಲ್ಲದ, ದಾರಿಯಿಲ್ಲದ ಗುಹೆಯೊಂದು ಕಂಡುಬಂದಿತೆಂಬ ಸುದ್ದಿಯು ಹಬ್ಬಿದ ಕೂಡಲೆ ಅಲ್ಲಿಗೆ ಹೋಗಬೇಕೆನ್ನುವವರ ಗುಂಪು ಸಿದ್ಧವಾಗುತ್ತದೆ. ವಿದ್ವಾಂಸನಿಗೆ ಸಾಕ್ಷ್ಯವಾದದ್ದು ಅವರಿಗೆ ಸಾಹಸದ ಗುರಿ. ನೆಲದ ಮೇಲಿನ ಬೂದಿ, ಮಡಕೆಯ ಚೂರು, ಗೋಡೆಯ ಮೇಲಿನ ಉಳಿಯ ಗುರುತು ಇವೆಲ್ಲ ಒಂದು ಋತುವಿನ ಕಾಲ್ತುಳಿತಕ್ಕೆ ಅಳಿಸಿಹೋಗಬಹುದು. ಪರಿಶೀಲನೆ ಮುಗಿದು ರಕ್ಷಣೆಯ ಏರ್ಪಾಡಾಗುವವರೆಗೆ ಹೊಸ ಗುಹೆಗಳ ಎಡೆಯನ್ನು ಸಾರದಿರುವುದೇ ಲೇಸು. ಕಂಡುದೆಲ್ಲವನ್ನೂ ಕೂಡಲೆ ತೋರಿಸಬೇಕೆಂಬುದು ಸಂಶೋಧನೆಯ ಧರ್ಮವಲ್ಲ.

೪

ರಕ್ಷಣೆಯ ಮಾತಿಗೆ ಬಂದರೆ, ಕಾನ್ಹೇರಿಗೆ ಕಾಯಿದೆಯ ಆಸರೆ ಸಾಲದೆಂದು ಹೇಳುವಂತಿಲ್ಲ. ೧೯೫೮ರ ಪ್ರಾಚೀನ ಸ್ಮಾರಕಗಳ ಕಾಯಿದೆಯೂ, ಸ್ಮಾರಕದ ಸುತ್ತ ೧೦೦ ಮೀಟರು ಕಟ್ಟಡವನ್ನು ನಿಷೇಧಿಸಿ ಅದರಾಚೆಯ ೨೦೦ ಮೀಟರನ್ನು ನಿಯಂತ್ರಣಕ್ಕೆ ಒಳಪಡಿಸಿದ ೨೦೧೦ರ ತಿದ್ದುಪಡಿಯೂ ಗುಹೆಗಳಿಗೆ ಅನ್ವಯಿಸುತ್ತವೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಸುಮಾರು ೧೦೪ ಚದರ ಕಿಲೋಮೀಟರಿನ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನವನ್ನು ಕಾಯುತ್ತದೆ. ೨೦೧೬ರಲ್ಲಿ ಉದ್ಯಾನದ ಸುತ್ತಲಿನ ಪರಿಸರಸೂಕ್ಷ್ಮ ವಲಯವನ್ನೂ ಘೋಷಿಸಲಾಯಿತು. ಆದರೆ ಗುಹೆಗಳನ್ನು ಕಾಯುವುದು ಪುರಾತತ್ತ್ವ ಇಲಾಖೆ. ಕಾಡನ್ನು ಕಾಯುವುದು ಅರಣ್ಯ ಇಲಾಖೆ. ಒಂದಕ್ಕೆ ಬಂಡೆಯ ಒಳಗಣ ಮೂರ್ತಿಯ ಚಿಂತೆ, ಇನ್ನೊಂದಕ್ಕೆ ಬಂಡೆಯ ಹೊರಗಣ ಮರ ಮತ್ತು ಚಿರತೆಯ ಚಿಂತೆ. ಮರದ ಬುಡದಿಂದ ಹರಿದು ಬಂಡೆಯ ಕಾಲುವೆಯೊಳಗೆ ಇಳಿಯುವ ನೀರು ಈ ಎರಡು ಅಧಿಕಾರಗಳ ಗಡಿಯನ್ನು ದಿನವೂ ದಾಟುತ್ತದೆ. ಅದರ ಚಿಂತೆಯನ್ನು ಇವೆರಡೂ ಕೂಡಿಯೇ ಹೊರಬೇಕು.

ನೆತ್ತಿಯನ್ನು ಕಳೆದುಕೊಂಡ ಗುಹೆಗೆ ಏನಾಗುವುದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಆರನೆಯ ಶತಮಾನದ ಜೋಗೇಶ್ವರಿಯ ಶೈವಗುಹೆಯ ಮೇಲೆಯೇ ವಸತಿಗಳು ಬೆಳೆದುವು. ಮನೆಗಳ ಕೊಳೆನೀರು ಬಂಡೆಯ ಬಿರುಕುಗಳಲ್ಲಿ ಒಸರಿ, ಮೂರ್ತಿಗಳು ಗುರುತು ಸಿಗದಷ್ಟು ಸವೆದುವು. ಬೋರಿವಲಿಯ ಮಂಡಪೇಶ್ವರದ ಗುಹೆಯು ಪೋರ್ಚುಗೀಸರ ಕಾಲದಲ್ಲಿ ಇಗರ್ಜಿಯಾಗಿ ಮಾರ್ಪಟ್ಟು, ಮುಂದೆ ಬೆಳೆದ ನಗರದ ನಡುವೆ ಸಿಕ್ಕಿಕೊಂಡಿತು. ಕಾನ್ಹೇರಿಯು ಇಷ್ಟರಮಟ್ಟಿಗೆ ಉಳಿದಿರುವುದಕ್ಕೆ ಅದರ ಸುತ್ತಣ ಕಾಡು ಕಾರಣ. ಆ ಕಾಡು ಉಳಿದಿರುವುದಕ್ಕೆ ನೀರು ಒಂದು ಮುಖ್ಯ ಕಾರಣ. ೧೮೬೦ರಲ್ಲಿ ಇದೇ ಗುಡ್ಡಗಳ ನಡುವೆ ವಿಹಾರ ಸರೋವರವನ್ನು ಕಟ್ಟಿ ಮುಂಬಯಿಗೆ ಮೊದಲ ಬಾರಿಗೆ ಕೊಳವೆಯ ನೀರನ್ನು ಒಯ್ದರು. ೧೮೭೯ರಲ್ಲಿ ತುಲಸಿ ಸರೋವರವು ಸಿದ್ಧವಾಯಿತು. ಸರೋವರಗಳ ಜಲಾನಯನ ಪ್ರದೇಶವೆಂದು ಕಾಡನ್ನು ಕಾಯ್ದದ್ದರಿಂದ ಗುಹೆಗಳಿಗೂ ರಕ್ಷಣೆ ದೊರೆಯಿತು. ಭಿಕ್ಷುವಿನ ತೊಟ್ಟಿಯನ್ನು ತುಂಬಿದ ಮಳೆಯೇ ಹತ್ತೊಂಬತ್ತನೆಯ ಶತಮಾನದ ನಗರದ ನಲ್ಲಿಯನ್ನೂ ತುಂಬಿತು.

ಈ ಹಿನ್ನೆಲೆಯಲ್ಲಿ ಪರಿಸರಪ್ರವಾಸದ ಏರ್ಪಾಡುಗಳನ್ನು ನೋಡಬೇಕು. ೨೦೨೨ರ ಮೇ ತಿಂಗಳಲ್ಲಿ, ಬುದ್ಧಪೂರ್ಣಿಮೆಯ ದಿನ, ಕಾನ್ಹೇರಿಯಲ್ಲಿ ಸಂದರ್ಶಕರ ಸೌಕರ್ಯಗಳ ಉದ್ಘಾಟನೆ ನಡೆಯಿತು. ಸಂದರ್ಶಕರ ಮಂಟಪ, ಟಿಕೀಟಿನ ಕಚೇರಿ ಮುಂತಾದವುಗಳನ್ನು ಕಟ್ಟಿಸಿದ್ದರು ಅಥವಾ ನವೀಕರಿಸಿದ್ದರು. ದಟ್ಟ ಕಾಡಿನೊಳಗೆ ವಿದ್ಯುತ್ತಾಗಲಿ ನೀರಾಗಲಿ ಇಲ್ಲದ ಕಾರಣ, ಸೌರಶಕ್ತಿಯ ಮತ್ತು ಜನರೇಟರಿನ ಏರ್ಪಾಡು ಮಾಡಿ ಕೊಳವೆಬಾವಿಗಳನ್ನು ತೋಡಲಾಯಿತು. ಬಂದವರಿಗೆ ನೆರಳು, ನೀರು, ಶೌಚಗಳ ಅನುಕೂಲವಿರಬೇಕೆಂಬುದರಲ್ಲಿ ತಪ್ಪಿಲ್ಲ. ಮುದುಕರೂ ಮಕ್ಕಳೂ ಬರುವ ಸ್ಥಳದಲ್ಲಿ ಅವನ್ನು ನಿರಾಕರಿಸುವುದು ನಿರ್ದಯತೆಯಾದೀತು. ಆದರೂ ನೂರಾರು ತೊಟ್ಟಿಗಳಿಗೆ ಹೆಸರಾಂತ ಬೆಟ್ಟದಲ್ಲಿ, ಬಂದವರ ಬಾಯಾರಿಕೆಗಾಗಿ ನೆಲದೊಳಗಣ ನೀರನ್ನು ಮೇಲೆತ್ತಬೇಕಾಗಿ ಬಂದಿತೆಂಬ ಸಂಗತಿಯು ಯೋಚಿಸತಕ್ಕದ್ದು. ಪ್ರಾಚೀನರು ಬೆಟ್ಟವು ಕೊಡುವ ನೀರನ್ನು ಅಳೆದು ಅದಕ್ಕೆ ತಕ್ಕಂತೆ ವಾಸವನ್ನು ಏರ್ಪಡಿಸಿಕೊಂಡರು. ಇಂದಿನ ಯೋಜನೆಯಾದರೋ ಬರುವವರ ಸಂಖ್ಯೆಯನ್ನು ಮೊದಲು ಅಂಗೀಕರಿಸಿ, ಅದಕ್ಕೆ ತಕ್ಕ ನೀರನ್ನು ಆಮೇಲೆ ಹುಡುಕುತ್ತದೆ. ವಾಸದ ವಿಹಾರಕ್ಕೂ ತಿರುಗಾಟದ ವಿಹಾರಕ್ಕೂ ಇರುವ ಅಂತರ ಇಲ್ಲಿದೆ.

ಮೆಚ್ಚುಗೆಯೇ ಗುಹೆಗೆ ಮುಳುವಾದ ನಿದರ್ಶನವು ಲೋಕಕ್ಕೆ ಹೊಸದಲ್ಲ. ಫ್ರಾನ್ಸಿನ ಲಾಸ್ಕೋ ಗುಹೆಯ ಆದಿಮಾನವರ ಚಿತ್ರಗಳು ೧೯೪೦ರಲ್ಲಿ ಬೆಳಕಿಗೆ ಬಂದು, ನೋಡಲು ಬಂದವರ ಉಸಿರಿನ ತೇವದಿಂದಲೂ ದೀಪಗಳಿಂದಲೂ ಕೆಡತೊಡಗಿದುದರಿಂದ ೧೯೬೩ರಲ್ಲಿ ಗುಹೆಯನ್ನು ಸಾರ್ವಜನಿಕರಿಗೆ ಮುಚ್ಚಬೇಕಾಯಿತು. ಮಹಾರಾಷ್ಟ್ರದ್ದೇ ಆದ ಅಜಂತೆಯಲ್ಲಿ ಸಂದರ್ಶಕರ ವಾಹನಗಳನ್ನು ಸುಮಾರು ನಾಲ್ಕು ಕಿಲೋಮೀಟರು ದೂರದಲ್ಲಿಯೇ ತಡೆದು, ಅಲ್ಲಿಂದ ಬಸ್ಸುಗಳಲ್ಲಿ ಕರೆದೊಯ್ಯುವ ಪದ್ಧತಿಯನ್ನು ತಂದರು. ಕಾನ್ಹೇರಿಯ ಸ್ಥಿತಿ ಇವೆರಡಕ್ಕಿಂತ ಭಿನ್ನವಾದುದು. ಮೂವತ್ತನಾಲ್ಕನೆಯ ಗುಹೆಯ ಒಳಛಾವಣಿಯ ಅಪೂರ್ಣ ಬುದ್ಧಚಿತ್ರದಂಥ ಕೆಲವು ಉಳಿಕೆಗಳನ್ನು ಬಿಟ್ಟರೆ ಇಲ್ಲಿ ವರ್ಣಚಿತ್ರಗಳು ಹೆಚ್ಚಿಲ್ಲ. ಉಸಿರಿನಿಂದಾಗುವ ಹಾನಿಗಿಂತ ತೊಟ್ಟಿಯಲ್ಲಿ ಬೀಳುವ ಪ್ಲಾಸ್ಟಿಕ್ಕು, ಕಾಲುವೆಯಲ್ಲಿ ಕಟ್ಟಿಕೊಳ್ಳುವ ಹೂಳು, ಗೋಡೆಯ ಮೇಲೆ ಕೆತ್ತುವ ಹೆಸರು ಇವುಗಳ ಹಾನಿಯೇ ಹೆಚ್ಚಿನದು. ಕಾಲುವೆ ಹೂಳಿನಿಂದ ಮುಚ್ಚಿದರೆ ಮಳೆಯ ನೀರು ತೊಟ್ಟಿಗೆ ಇಳಿಯದೆ ಬಂಡೆಯ ಬಿರುಕಿಗೆ ಇಳಿಯುತ್ತದೆ. ಬಿರುಕಿನಲ್ಲಿ ನಿಂತ ನೀರು ಪಾಚಿಯನ್ನೂ ಬೇರುಗಳನ್ನೂ ಪೋಷಿಸಿ, ವರ್ಷಗಳು ಕಳೆದಂತೆ ಬಂಡೆಯನ್ನೇ ಸಡಿಲಿಸುತ್ತದೆ. ತೊಟ್ಟಿ ಕಾಲುವೆಗಳ ಹೂಳೆತ್ತುವ ಕೆಲಸವು ಮೂರ್ತಿರಕ್ಷಣೆಯ ಮೊದಲ ಮೆಟ್ಟಿಲೆಂಬುದು ಇದರಿಂದ ತಿಳಿಯುತ್ತದೆ.

ಹಾಗಾದರೆ ಬೆಟ್ಟವನ್ನು ಮುಚ್ಚಿಬಿಡುವುದೇ ಪರಿಹಾರವೆನ್ನುವವರೂ ಇದ್ದಾರೆ. ಆ ವಾದವು ಕಾನ್ಹೇರಿಯ ಇತಿಹಾಸಕ್ಕೆ ಒಪ್ಪುವುದಿಲ್ಲ. ಇದು ಎಂದೂ ನಿರ್ಜನವಾದ ತಪೋವನವಾಗಿರಲಿಲ್ಲ. ಬಂದರುಗಳ ವರ್ತಕರು ಇದನ್ನು ಪೋಷಿಸಿದರು. ದೂರದೂರದವರು ಇಲ್ಲಿಗೆ ಬಂದುಹೋದರು. ತೊಂಬತ್ತನೆಯ ಗುಹೆಯಲ್ಲಿ ೧೦೦೯ ಮತ್ತು ೧೦೨೧ರಲ್ಲಿ ಬಂದ ಪಾರಸಿಗಳು ಪಹ್ಲವಿ ಲಿಪಿಯಲ್ಲಿ ತಮ್ಮ ಹೆಸರುಗಳನ್ನು ಬರೆದಿಟ್ಟಿದ್ದಾರೆ. ಪ್ರಶ್ನೆಯಿರುವುದು ಜನರು ಬರಬೇಕೋ ಬಾರದೋ ಎಂಬುದರಲ್ಲಲ್ಲ. ಬಂದವರು ಬೆಟ್ಟದ ಧಾರಣಶಕ್ತಿಯೊಳಗೆ ಇರುತ್ತಾರೆಯೇ ಎಂಬುದರಲ್ಲಿ.

ಧಾರಣಶಕ್ತಿಯ ಮಾತಾಡುವಾಗ ಅಲ್ಲಿಯೇ ಬಾಳುವವರನ್ನು ಮರೆಯಲಾಗದು. ಈ ಕಾಡಿನೊಳಗೆ ವಾರಲಿ ಮೊದಲಾದ ಆದಿವಾಸಿಗಳ ಪಾಡಾಗಳಿವೆ. ಹುಲಿಚಿರತೆಗಳನ್ನು ವಾಘೋಬಾ ಎಂದು ಪೂಜಿಸಿ, ಅವುಗಳೊಡನೆ ಒಂದೇ ನೆಲವನ್ನು ಹಂಚಿಕೊಂಡು ಬಾಳಿದವರು ಅವರು. ೧೯೯೭ರಲ್ಲಿ ಉಚ್ಚ ನ್ಯಾಯಾಲಯವು ಉದ್ಯಾನದೊಳಗಣ ಒತ್ತುವರಿಗಳನ್ನು ತೆರವುಗೊಳಿಸಬೇಕೆಂದು ಆದೇಶವಿತ್ತಾಗ, ಆ ಆದೇಶದ ಭೀತಿ ಈ ಪಾಡಾಗಳಿಗೂ ತಟ್ಟಿತು. ೨೦೦೬ರ ಅರಣ್ಯಹಕ್ಕು ಕಾಯಿದೆಯು ಅವರ ಹಕ್ಕಿನ ಪ್ರಶ್ನೆಯನ್ನು ಮತ್ತೆ ಎತ್ತಿತು. ರಜೆಯ ದಿನ ಬಂದು ಸಂಜೆಗೆ ಹಿಂದಿರುಗುವವನನ್ನು ಪರಿಸರದ ಮಿತ್ರನೆಂದೂ, ತಲೆಮಾರುಗಳಿಂದ ಅಲ್ಲಿರುವವನನ್ನು ಪರಿಸರದ ಅಡ್ಡಿಯೆಂದೂ ಎಣಿಸುವ ಯೋಜನೆಯು ಪರಿಸರಪ್ರವಾಸದ ತನ್ನ ಲಕ್ಷಣಕ್ಕೇ ವಿರುದ್ಧವಾದುದು. ದಾರಿ ತೋರಿಸುವವರು, ತೊಟ್ಟಿಗಳ ಹೂಳೆತ್ತುವವರು, ಕಾವಲುಗಾರರು ಇವರೆಲ್ಲ ಮೊದಲು ಆ ಪಾಡಾಗಳಿಂದಲೇ ಬರುವುದು ನ್ಯಾಯ.

೫

ಮುಂಬಯಿಯ ಕನ್ನಡಿಗರಿಗೆ ಈ ವಿಷಯದಲ್ಲಿ ವಿಶೇಷವಾದ ಆಸಕ್ತಿ ಇರಬೇಕಾದುದಕ್ಕೆ ಕಾರಣವುಂಟು. ಕಾನ್ಹೇರಿಯ ಒಂಬತ್ತನೆಯ ಶತಮಾನದ ಮೂರು ಸಂಸ್ಕೃತ ಶಾಸನಗಳು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ಆಳ್ವಿಕೆಯನ್ನು ಹೇಳುತ್ತವೆ. ಅವನಿಗೆ ಸಾಮಂತರಾಗಿ ಕೊಂಕಣವನ್ನಾಳುತ್ತಿದ್ದ ಶಿಲಾಹಾರರ ಪುಲ್ಲಶಕ್ತಿ ಮತ್ತು ಕಪರ್ದಿಯರ ಹೆಸರುಗಳು ಅವುಗಳಲ್ಲಿವೆ. ಒಂದು ಶಾಸನದಲ್ಲಿ ಶಕ ೭೭೫ ಎಂದು, ಇನ್ನೊಂದರಲ್ಲಿ ಶಕ ೭೯೯ (ಕ್ರಿ.ಶ. ೮೭೭) ಎಂದು ನಮೂದಾಗಿದೆ. ಕೀಲ್‌ಹಾರ್ನ್ ಅವರು ೧೮೮೪ರಲ್ಲಿ ಇವನ್ನು ಸಂಪಾದಿಸಿದರು. ಕವಿರಾಜಮಾರ್ಗವು ಮೂಡಿಬಂದ ಆಸ್ಥಾನದ ದೊರೆಯ ಹೆಸರು ಬೋರಿವಲಿಯ ಬಂಡೆಯ ಮೇಲೆ ಇದೆ ಎಂಬುದು ಹೊರನಾಡಿನ ಕನ್ನಡಿಗನಿಗೆ ಹಿತವಾದ ಸುದ್ದಿಯೇ ಸರಿ.

ಆದರೆ ಈ ಸುದ್ದಿಯನ್ನು ಹೆಮ್ಮೆಗೆ ಮಾತ್ರ ಬಳಸಿಕೊಂಡರೆ ಶಾಸನದ ತಾತ್ಪರ್ಯವು ಕೈತಪ್ಪುತ್ತದೆ. ಅವು ವಿಜಯಶಾಸನಗಳಲ್ಲ. ಶಕ ೭೭೫ರ ಶಾಸನದಲ್ಲಿ ದಾನಿಯಾದವನು ಗೌಡದೇಶದಿಂದ, ಎಂದರೆ ಬಂಗಾಳದ ಕಡೆಯಿಂದ, ಬಂದು ಇಲ್ಲಿ ನೆಲಸಿದ ಅವಿಘ್ನಾಕರನೆಂಬ ಉಪಾಸಕನು. ಭಿಕ್ಷುಗಳಿಗೆ ಧ್ಯಾನದ ಕೋಣೆಗಳನ್ನು ಮಾಡಿಸಿ, ಅವರ ವಸ್ತ್ರಗಳಿಗಾಗಿ ನೂರು ದ್ರಮ್ಮಗಳನ್ನು ಅಕ್ಷಯನಿಧಿಯಾಗಿ ಇಟ್ಟನು. ಪುಲ್ಲಶಕ್ತಿಯ ಕಾಲದ ಶಾಸನವು ಇನ್ನೂ ಗಮನಾರ್ಹವಾದುದು. ಅದರಲ್ಲಿ ದಾನದ ಹಣವನ್ನು ಪೂಜೆಗೆ ಇಷ್ಟು, ವಿಹಾರದಲ್ಲಿ ಮುರಿದು ಬಿದ್ದುದರ ದುರಸ್ತಿಗೆ ಇಷ್ಟು, ಭಿಕ್ಷುಗಳ ವಸ್ತ್ರಕ್ಕೆ ಇಷ್ಟು, ಪುಸ್ತಕಗಳಿಗೆ ಇಷ್ಟು ಎಂದು ಬೇರೆಬೇರೆಯಾಗಿ ವಿಂಗಡಿಸಿದೆ. ಗುಹೆಗಳು ಕೊರೆದು ಮುಗಿದ ಮೇಲೆ ತಾವಾಗಿಯೇ ಉಳಿಯುತ್ತವೆಂಬ ಭ್ರಮೆ ಒಂಬತ್ತನೆಯ ಶತಮಾನದವರಿಗೆ ಇರಲಿಲ್ಲ. ದುರಸ್ತಿಗೆ ಪ್ರತ್ಯೇಕವಾದ ಮೊತ್ತ ಬೇಕೆಂಬುದನ್ನೂ, ಅದು ವರ್ಷವರ್ಷವೂ ಬರುವಂತಿರಬೇಕೆಂಬುದನ್ನೂ ಅವರು ಅರಿತಿದ್ದರು.

ಪರಊರಿನಿಂದ ಬಂದು ನೆಲಸಿದವನು ತಾನು ನೆಲಸಿದ ಊರಿನ ಬೆಟ್ಟಕ್ಕೆ ಏನು ಸಲ್ಲಿಸಬೇಕೆಂಬುದಕ್ಕೆ ಅವಿಘ್ನಾಕರನಿಗಿಂತ ಬೇರೆ ಮೇಲ್ಪಂಕ್ತಿ ಬೇಕಾಗಿಲ್ಲ. ಬಾದಾಮಿಯ ಗುಹೆಗಳನ್ನು ನೋಡಲು ರಜೆ ಹಾಕಿ ರೈಲು ಹತ್ತುವ ಹೊರನಾಡಿನ ಕನ್ನಡಿಗನು, ಲೋಕಲ್ ಗಾಡಿಯಲ್ಲಿ ಹೋಗಿಬರಬಹುದಾದ ಕಾನ್ಹೇರಿಯನ್ನು ಮಕ್ಕಳ ವನಭೋಜನದ ಸ್ಥಳವೆಂದು ಮಾತ್ರ ತಿಳಿಯುವುದು ಉಚಿತವಲ್ಲ. ನಗರದ ಸಂಘಸಂಸ್ಥೆಗಳು ಕೈಗೊಳ್ಳಬಹುದಾದ ಕೆಲಸವೂ ಅಸಾಧ್ಯವಾದುದಲ್ಲ. ಶಾಸನಗಳ ಪಾಠವನ್ನೂ ಅನುವಾದವನ್ನೂ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಸುಲಭವಾಗಿ ದೊರೆಯುವಂತೆ ಮಾಡುವುದು. ತೊಟ್ಟಿಗಳ ಮತ್ತು ಕಾಲುವೆಗಳ ನಕ್ಷೆಯೊಂದನ್ನು ಬಲ್ಲವರಿಂದ ಸಿದ್ಧಪಡಿಸಿ ಎರಡೂ ಇಲಾಖೆಗಳ ಮುಂದಿಡುವುದು. ಮಳೆಗಾಲಕ್ಕೆ ಮುಂಚೆ ನಡೆಯಬೇಕಾದ ಹೂಳೆತ್ತುವ ಕೆಲಸಕ್ಕೆ, ಇಲಾಖೆಯ ಅನುಮತಿಯಿಂದ, ಒಂದು ಸಣ್ಣ ನಿಧಿಯನ್ನು ಕೂಡಿಸುವುದು. ಇವುಗಳಲ್ಲಿ ಯಾವುದಕ್ಕೂ ಉದ್ಘಾಟನೆಯ ಸಮಾರಂಭ ಬೇಕಾಗಿಲ್ಲ.

ಪರಿಸರಪ್ರವಾಸವೆಂಬ ಸಮಾಸದಲ್ಲಿ ಪರಿಸರವು ಪೂರ್ವಪದ, ಪ್ರವಾಸವು ಉತ್ತರಪದ. ವ್ಯಾಕರಣದ ಪ್ರಕಾರ ತತ್ಪುರುಷದಲ್ಲಿ ಉತ್ತರಪದವೇ ಪ್ರಧಾನವಾದುದು. ಆಚರಣೆಯಲ್ಲಿಯೂ ಹಾಗೆಯೇ ಆಗುತ್ತಿರುವುದು ದುರ್ದೈವ. ಕಾನ್ಹೇರಿಯಲ್ಲಿ ಪೂರ್ವಪದಕ್ಕೆ ಪ್ರಾಧಾನ್ಯ ಬಂದಿತೋ ಇಲ್ಲವೋ ಎಂಬುದನ್ನು ತಿಳಿಯಲು ವರದಿಗಳನ್ನು ಓದಬೇಕಾಗಿಲ್ಲ. ಮಳೆಗಾಲ ಕಳೆದು ನಾಲ್ಕೈದು ತಿಂಗಳಾದ ಮೇಲೆ, ಮಾರ್ಚಿಯ ಬಿಸಿಲಿನಲ್ಲಿ ಬೆಟ್ಟವನ್ನೇರಿ, ಯಾವುದಾದರೊಂದು ತೊಟ್ಟಿಯೊಳಕ್ಕೆ ಬಗ್ಗಿ ನೋಡಿದರೆ ಸಾಕು. ಅಲ್ಲಿ ತಿಳಿನೀರು ನಿಂತಿದ್ದರೆ ನೆತ್ತಿಯ ಕಾಡೂ ಕಾಲುವೆಯೂ ಗುಹೆಯೂ ಕ್ಷೇಮವಾಗಿವೆಯೆಂದು ತಿಳಿಯಬಹುದು.